ಮಂಗನ ಕಾಯಿಲೆಯಲ್ಲಿ ರಕ್ತಸ್ರಾವ: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಬಂತೆಂದರೆ ಸೊರಬ, ಸಾಗರ, ತೀರ್ಥಹಳ್ಳಿ, ಸಿದ್ದಾಪುರದ ಕಡೆಯಿಂದ ಮಂಗನ ಕಾಯಿಲೆಯ ಬಗ್ಗೆ ಪ್ರಶ್ನೆಗಳು ಶುರುವಾಗುತ್ತವೆ. ಅವುಗಳಲ್ಲಿ ಹೆಚ್ಚು ಆತಂಕದಿಂದ ಕೇಳುವುದು ರಕ್ತಸ್ರಾವದ ಬಗ್ಗೆ. ಊರಿನ ಸಭೆಗಳಲ್ಲಿ, ಪತ್ರಗಳಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಈಗಾಗಲೇ ರಕ್ತ ಕಾಣಿಸಿಕೊಂಡಿರುವ ರೋಗಿ ಮನೆಯಲ್ಲಿದ್ದರೆ ಇದನ್ನು ಓದುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.

## ಮನೆಯವರ ಪ್ರಶ್ನೆಗಳು

ಮಂಗನ ಕಾಯಿಲೆ ಬಂದವರಿಗೆಲ್ಲ ರಕ್ತ ಹೋಗುತ್ತದೆಯೇ?

ಇಲ್ಲ. ಬಹುಪಾಲು ರೋಗಿಗಳಲ್ಲಿ ಕಣ್ಣಿಗೆ ಕಾಣುವಂಥ ರಕ್ತಸ್ರಾವ ಆಗುವುದೇ ಇಲ್ಲ. ಏಕಾಏಕಿ ಏರುವ ಜ್ವರ, ಚಳಿ, ಹಣೆ ಸಿಡಿಯುವಂಥ ತಲೆನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ತಡೆಯಲಾರದ ನೋವು, ಕೆಂಪಡರಿದ ಕಣ್ಣು, ವಾಂತಿ, ಭೇದಿ, ಆಮೇಲೆ ವಾರಗಟ್ಟಲೆ ಉಳಿಯುವ ನಿಶ್ಶಕ್ತಿ. ಹೆಚ್ಚಿನವರ ಪಾಲಿಗೆ ಕಾಯಿಲೆ ಇಷ್ಟರಲ್ಲೇ ಮುಗಿಯುತ್ತದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಹಾಸಿಗೆ ಹಿಡಿದಾಗ ಇದು ಹಳದಿ ಜ್ವರವಿರಬಹುದೇ ಎಂಬ ಭಯ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂದು ಇದು ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ಕಂಡುಹಿಡಿಯಿತು. ಕೆಲವು ರೋಗಿಗಳ ಮೂಗು, ವಸಡು, ಕರುಳಿನಿಂದ ರಕ್ತ ಹೋಗುತ್ತಿದ್ದುದರಿಂದ ವೈದ್ಯಗ್ರಂಥಗಳು ಇದನ್ನು ರಕ್ತಸ್ರಾವದ ವೈರಲ್ ಜ್ವರಗಳ ಪಟ್ಟಿಗೆ ಸೇರಿಸಿದವು. ಆ ಪಟ್ಟಿಯ ಹೆಸರೇ ಜನರನ್ನು ಕಾಯಿಲೆಗಿಂತ ಹೆಚ್ಚು ಹೆದರಿಸಿದೆ ಎಂಬುದು ನನ್ನ ಅನಿಸಿಕೆ. ಕಾಯಿಲೆ ಬಂದವರಲ್ಲಿ ಸಾಯುವವರ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ 3ರಿಂದ 5. ಆದರೆ ತೀವ್ರ ರಕ್ತಸ್ರಾವ ಆದವರು ಹೆಚ್ಚಾಗಿ ಈ ಸಣ್ಣ ಗುಂಪಿನ ಅಂಚಿನಲ್ಲೇ ಇರುತ್ತಾರೆ. ಆದ್ದರಿಂದ ಅಪರೂಪ ಎಂದು ಅಸಡ್ಡೆ ಮಾಡುವಂತಿಲ್ಲ.

ಉಣುಗು ಕಿತ್ತ ಜಾಗದಲ್ಲಿ ರಕ್ತ ಬರುತ್ತಿದೆ. ಇದೇನಾ ಆ ರಕ್ತಸ್ರಾವ?

ಅಲ್ಲ. ಅದು ಕಚ್ಚಿದ ಗಾಯದ ರಕ್ತ ಅಷ್ಟೇ, ಸ್ವಲ್ಪ ಒತ್ತಿ ಹಿಡಿದರೆ ನಿಲ್ಲುತ್ತದೆ. ವೈರಸ್ ದೇಹ ಸೇರಿದ್ದರೂ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 8 ದಿನ ಬೇಕು. ಈ ಕಾಯಿಲೆಯನ್ನು ಹೆಚ್ಚಾಗಿ ದಾಟಿಸುವುದು ಗಸಗಸೆ ಕಾಳಿನಷ್ಟು ಸಣ್ಣ ಮರಿ ಉಣುಗು. ಅದು ಕಚ್ಚಿದ್ದು ಎಷ್ಟೋ ಜನರ ಗಮನಕ್ಕೇ ಬರುವುದಿಲ್ಲ. ಹಾಗಾಗಿ ‘ಉಣುಗು ಕಚ್ಚಿದ ನೆನಪಿಲ್ಲ’ ಎಂಬ ಕಾರಣಕ್ಕೆ ಕಾಯಿಲೆಯನ್ನು ತಳ್ಳಿಹಾಕಬೇಡಿ. ಕಾಡಿಗೆ ಹೋಗಿದ್ದಿರಾ, ಸೊಪ್ಪಿನಬೆಟ್ಟದಿಂದ ದರಗು (ಉದುರಿದ ಒಣ ಎಲೆ) ತಂದಿರಾ, ಹತ್ತಿರದಲ್ಲಿ ಮಂಗ ಸತ್ತಿತ್ತೇ ಎಂಬುದನ್ನು ವೈದ್ಯರಿಗೆ ಹೇಳಿ. ಉಣುಗನ್ನು ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಬೆಂಕಿ ತಾಗಿಸುವುದು, ಸೀಮೆಎಣ್ಣೆ ಸುರಿಯುವುದು ಬೇಡ.

ಜ್ವರ ಬಂದ ಎಷ್ಟನೆಯ ದಿನಕ್ಕೆ ಎಚ್ಚರ ವಹಿಸಬೇಕು?

ರಕ್ತಸ್ರಾವ ಆಗುವವರಲ್ಲಿ ಅದು ಸಾಮಾನ್ಯವಾಗಿ ಜ್ವರದ ಮೂರನೆಯ ಅಥವಾ ನಾಲ್ಕನೆಯ ದಿನದಿಂದ ಶುರುವಾಗುತ್ತದೆ. ಮೊದಲ ಎರಡು ದಿನ ಮಾತ್ರೆ ನುಂಗಿ ಮಲಗಿ, ಮೂರನೆಯ ದಿನವೂ ಮನೆಯಲ್ಲೇ ನೋಡೋಣ ಎನ್ನುವುದು ನಮ್ಮ ಕಡೆಯ ರೂಢಿ. ಮಂಗನ ಕಾಯಿಲೆಯ ಮಟ್ಟಿಗೆ ಈ ರೂಢಿ ಅಪಾಯಕಾರಿ. ಕಾಯಿಲೆ ಇರುವ ಊರಿನಲ್ಲಿ ಡಿಸೆಂಬರ್‌ನಿಂದ ಮೇ ತನಕ ಯಾರಿಗೇ ಜೋರು ಜ್ವರ ಬಂದರೂ ಮೊದಲ ದಿನವೇ ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಮಾದರಿ ಕೊಡುವುದು ಒಳ್ಳೆಯದು. ಮೂರನೆಯ ದಿನದ ಹೊತ್ತಿಗೆ ರೋಗಿ ವೈದ್ಯರ ಕಣ್ಣಳತೆಯಲ್ಲಿರಬೇಕು.

ಒಳಗೆ ರಕ್ತ ಹೋಗುತ್ತಿದೆ ಎಂದು ಮನೆಯವರಿಗೆ ಹೇಗೆ ಗೊತ್ತಾಗುತ್ತದೆ? ನಮ್ಮ ಅಜ್ಜಿ ಕವಳ ಹಾಕುತ್ತಾರೆ, ಬಾಯಿ ಯಾವಾಗಲೂ ಕೆಂಪು.

ಈ ಪ್ರಶ್ನೆ ಕೇಳಿದ ಹುಡುಗಿಗೆ ವೈದ್ಯರಿಗಿರಬೇಕಾದ ಕಣ್ಣಿದೆ. ಎಲೆಯಡಿಕೆಯ ಕೆಂಪಿನಲ್ಲಿ ವಸಡಿನ ರಕ್ತ ಬೆರೆತರೆ ಯಾರಿಗೂ ತಿಳಿಯುವುದಿಲ್ಲ. ಜ್ವರ ಬಂದ ದಿನವೇ ಕವಳ ನಿಲ್ಲಿಸಿ, ಬಾಯಿ ಚೆನ್ನಾಗಿ ಮುಕ್ಕಳಿಸಲು ಹೇಳಿ. ಬೆಳಿಗ್ಗೆ ಎದ್ದ ಕೂಡಲೇ ಬಿಳಿಯ ಬಟ್ಟೆ ಅಥವಾ ಹತ್ತಿಯನ್ನು ವಸಡಿಗೆ ಒತ್ತಿ ನೋಡಿ. ರಾತ್ರಿ ಏನೂ ಜಗಿಯದಿದ್ದರೂ ಅದು ಕೆಂಪಾದರೆ ವೈದ್ಯರಿಗೆ ತಿಳಿಸಿ.

ಮುಖ್ಯವಾಗಿ ನೋಡಬೇಕಾದದ್ದು ಮಲ. ಹೊಟ್ಟೆ ಅಥವಾ ಕರುಳಿನ ಮೇಲ್ಭಾಗದಲ್ಲಿ ರಕ್ತ ಸೋರಿದರೆ ಮಲ ಕಪ್ಪಗೆ, ಅಂಟಂಟಾಗಿ, ವಿಚಿತ್ರ ದುರ್ವಾಸನೆಯೊಂದಿಗೆ ಬರುತ್ತದೆ. ಕೆಳಭಾಗದಲ್ಲಾದರೆ ಹಸಿ ರಕ್ತವೇ ಕಾಣುತ್ತದೆ. ವಯಸ್ಸಾದವರು ನಾಚಿಕೆಯಿಂದ ಇದನ್ನು ಹೇಳುವುದಿಲ್ಲ, ಕತ್ತಲಲ್ಲಿ ಹೋಗಿಬಂದರೆ ಅವರಿಗೂ ಕಾಣುವುದಿಲ್ಲ. ಒಬ್ಬರು ಬೆಳಕು ಹಿಡಿದು ನೋಡಲೇಬೇಕು. ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುವವರಲ್ಲೂ ಮಲ ಕಪ್ಪಾಗುತ್ತದೆ, ಅಂಥ ಮಾತ್ರೆ ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ. ವಾಂತಿ ಕಂದುಗಪ್ಪಾಗಿದ್ದರೆ, ಕೆಮ್ಮಿದಾಗ ಕಫದಲ್ಲಿ ರಕ್ತವಿದ್ದರೆ, ಮುಟ್ಟಿನ ರಕ್ತ ಎಂದಿಗಿಂತ ತೀರ ಹೆಚ್ಚಿದ್ದರೆ ತಡಮಾಡಬೇಡಿ.

ಕೆಲವೊಮ್ಮೆ ರಕ್ತ ಕಾಣುವ ಮೊದಲೇ ದೇಹ ಸುಳಿವು ಕೊಡುತ್ತದೆ. ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಮಾತು ಅಸಂಬದ್ಧವಾಗುವುದು ಇವೆಲ್ಲ ರಕ್ತದೊತ್ತಡ ಕುಸಿಯುತ್ತಿರುವ ಲಕ್ಷಣಗಳು.

ಮೂಗಿನಿಂದ ರಕ್ತ ಬಂತು. ಆಸ್ಪತ್ರೆಗೆ ದೂರ ಇದೆ, ಅಷ್ಟರಲ್ಲಿ ಏನು ಮಾಡಲಿ?

ರೋಗಿಯನ್ನು ಕೂರಿಸಿ, ತಲೆಯನ್ನು ಮುಂದಕ್ಕೆ ಬಾಗಿಸಿ, ಮೂಗಿನ ಮೃದು ಭಾಗವನ್ನು ಬೆರಳುಗಳಿಂದ ಹತ್ತರಿಂದ ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ಬಿಟ್ಟು ನೋಡಬೇಡಿ. ತಲೆ ಹಿಂದಕ್ಕೆ ವಾಲಿಸಿದರೆ ರಕ್ತ ಗಂಟಲಿಗೆ ಇಳಿದು ಹೊಟ್ಟೆ ಸೇರುತ್ತದೆ. ಆಮೇಲೆ ಅದೇ ವಾಂತಿಯಾದಾಗ ರಕ್ತ ಮೂಗಿನದೋ ಹೊಟ್ಟೆಯದೋ ಎಂದು ವೈದ್ಯರಿಗೂ ಗೊಂದಲ. ರಕ್ತ ನಿಂತರೂ ಆಸ್ಪತ್ರೆಗೆ ಹೊರಡಬೇಕು.

ರೋಗಿಯ ರಕ್ತ ಮುಟ್ಟಿದರೆ ನಮಗೂ ಬರುತ್ತದೆಯೇ?

ಮಂಗನ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡಿದ್ದು ಕಂಡುಬಂದಿಲ್ಲ. ರೋಗಿಯ ಪಕ್ಕ ಕೂತು ಊಟ ಮಾಡಿಸಬಹುದು, ಬಟ್ಟೆ ಬದಲಿಸಬಹುದು. ರೋಗಿಯನ್ನು ಕೊಟ್ಟಿಗೆಯ ಬದಿಯ ಕೋಣೆಗೆ ತಳ್ಳಿ ದೂರ ನಿಲ್ಲುವುದು ಅನ್ಯಾಯ. ಆದರೆ ಈ ವೈರಸ್‌ನೊಂದಿಗೆ ಕೆಲಸ ಮಾಡುವ ಪ್ರಯೋಗಾಲಯದ ಸಿಬ್ಬಂದಿಗೆ ಸೋಂಕು ತಗುಲಿದ ನಿದರ್ಶನಗಳಿವೆ. ಆದ್ದರಿಂದ ರಕ್ತ ಒರೆಸುವಾಗ ಕೈಗವಸು ಹಾಕಿಕೊಂಡು, ಬಳಿಕ ಸೋಪಿನಿಂದ ಕೈ ತೊಳೆಯಿರಿ. ಸೂಜಿ, ರಕ್ತದ ಮಾದರಿಗಳ ವಿಷಯದಲ್ಲಿ ಆಸ್ಪತ್ರೆಯವರು ಬಹಳ ಜಾಗ್ರತೆಯಿಂದಿರಬೇಕು.

## ಔಷಧ, ಪರೀಕ್ಷೆ, ಪ್ಲೇಟ್‌ಲೆಟ್

ಮೈಕೈ ನೋವು ಸಹಿಸಲಾಗುತ್ತಿಲ್ಲ. ಒಂದು ಇಂಜೆಕ್ಷನ್ ಹಾಕಿಸಿಕೊಂಡರೆ ಏನಾಗುತ್ತದೆ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದಲು ಸಮಯವಿದ್ದರೆ ಇದನ್ನೇ ಓದಿ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್‌ನಂಥ ನೋವಿನ ಔಷಧಗಳು ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್‌ಗಳ ಕೆಲಸಕ್ಕೆ ಅಡ್ಡಿ ಮಾಡುತ್ತವೆ, ಹೊಟ್ಟೆಯ ಒಳಪದರವನ್ನೂ ಕೆರಳಿಸುತ್ತವೆ. ಮಂಗನ ಕಾಯಿಲೆಯಲ್ಲಿ ಮೊದಲೇ ಪ್ಲೇಟ್‌ಲೆಟ್ ಇಳಿದಿರುತ್ತದೆ. ಅದರ ಮೇಲೆ ಈ ಔಷಧ ಬಿದ್ದರೆ ಆಗದೇ ಹೋಗಬಹುದಾಗಿದ್ದ ರಕ್ತಸ್ರಾವವನ್ನು ನಾವೇ ಕರೆದಂತಾಗುತ್ತದೆ. ಸೊಂಟಕ್ಕೆ ಚುಚ್ಚುವ ಸೂಜಿಯದು ಇನ್ನೊಂದು ತೊಂದರೆ: ಚುಚ್ಚಿದಲ್ಲಿ ಸ್ನಾಯುವಿನೊಳಗೆ ರಕ್ತ ಸೋರಿ ದೊಡ್ಡ ಗಡ್ಡೆ ಕಟ್ಟಬಹುದು.

ಜ್ವರಕ್ಕೂ ನೋವಿಗೂ ಪ್ಯಾರಾಸಿಟಮಾಲ್ ಸಾಕು. ಅದರ ಪ್ರಮಾಣವನ್ನು ವೈದ್ಯರೇ ಹೇಳಬೇಕು, ಏಕೆಂದರೆ ಈ ಕಾಯಿಲೆ ಯಕೃತ್ತಿಗೂ ಪೆಟ್ಟು ಕೊಡುತ್ತದೆ. ಔಷಧದ ಅಂಗಡಿಯಲ್ಲಿ ‘ಜ್ವರದ ಮಾತ್ರೆ’ ಎಂದು ಕೊಡುವ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆಗೆ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ಅಥವಾ ಐಬುಪ್ರೊಫೆನ್ ಬೆರೆಸಿರುತ್ತಾರೆ. ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಹೆಸರುಗಳನ್ನು ಓದಿಸಿಕೊಳ್ಳಿ. ಒಂದಕ್ಕಿಂತ ಹೆಚ್ಚು ಹೆಸರಿದ್ದರೆ ವಾಪಸ್ ಕೊಡಿ.

ಗದ್ದೆ, ತೋಟದ ಕೆಲಸ ನಿಂತರೆ ಅಂದಿನ ಕೂಲಿಯೂ ನಿಲ್ಲುತ್ತದೆ, ಹಾಗಾಗಿ ಬೇಗ ಎದ್ದೇಳಲು ಸೂಜಿ ಕೇಳುತ್ತಾರೆ ಎಂಬುದು ನನಗೆ ತಿಳಿದಿದೆ. ಕೇಳುವವರ ಮೇಲೆ ಸಿಟ್ಟಿಲ್ಲ. ಜ್ವರದ ಕಾರಣ ತಿಳಿಯದೆ ಕೊಡುವವರ ಮೇಲೆ ಸಿಟ್ಟಿದೆ.

ಅಪ್ಪನಿಗೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳುವಾಗುವ ಮಾತ್ರೆ ಇದೆ. ಜ್ವರ ಬಂದ ಕೂಡಲೇ ನಿಲ್ಲಿಸಲೇ?

ನೀವಾಗಿಯೇ ನಿಲ್ಲಿಸಬೇಡಿ, ನಿಮ್ಮಷ್ಟಕ್ಕೆ ಮುಂದುವರಿಸಲೂ ಬೇಡಿ. ಅದೇ ದಿನ ಮಾತ್ರೆಯ ಪಟ್ಟಿಯೊಂದಿಗೆ ವೈದ್ಯರ ಬಳಿ ಹೋಗಿ. ಸ್ಟೆಂಟ್ ಹಾಕಿ ಎಷ್ಟು ಕಾಲವಾಯಿತು, ಪ್ಲೇಟ್‌ಲೆಟ್ ಎಷ್ಟಿದೆ, ಎಲ್ಲಾದರೂ ರಕ್ತ ಕಾಣಿಸಿದೆಯೇ ಎಂಬುದನ್ನು ತೂಗಿ ನೋಡಿ ಅವರು ನಿರ್ಧರಿಸಬೇಕು. ಎರಡೂ ಕಡೆ ಅಪಾಯವಿರುವ ಲೆಕ್ಕ ಇದು.

ಪ್ಲೇಟ್‌ಲೆಟ್ 40 ಸಾವಿರಕ್ಕೆ ಇಳಿದಿದೆ. ಯಾಕೆ ಇನ್ನೂ ಪ್ಲೇಟ್‌ಲೆಟ್ ಕೊಡುತ್ತಿಲ್ಲ?

ಆರೋಗ್ಯವಂತರಲ್ಲಿ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್ ಇರುತ್ತದೆ. ಅದಕ್ಕೆ ಹೋಲಿಸಿದರೆ 40 ಸಾವಿರ ಕಡಿಮೆ ನಿಜ, ಆದರೆ ರಕ್ತ ಸೋರದಿದ್ದರೆ ಅಷ್ಟಕ್ಕೇ ಪ್ಲೇಟ್‌ಲೆಟ್ ಏರಿಸುವ ಅಗತ್ಯವಿಲ್ಲ. ರಕ್ತಸ್ರಾವವಿಲ್ಲದ ರೋಗಿಯಲ್ಲಿ ಸಂಖ್ಯೆ 10 ಸಾವಿರದ ಆಸುಪಾಸಿಗೆ ಬಂದಾಗ ಮುನ್ನೆಚ್ಚರಿಕೆಯಾಗಿ ಕೊಡುವುದು ಸಾಮಾನ್ಯ ಪದ್ಧತಿ. ರಕ್ತ ಹೋಗುತ್ತಿದ್ದರೆ ಸಂಖ್ಯೆ ಅದಕ್ಕಿಂತ ಸಾಕಷ್ಟು ಮೇಲಿದ್ದರೂ ಕೊಡಬೇಕಾಗುತ್ತದೆ. ಹೀಗಾಗಿ ವೈದ್ಯರು ವರದಿಯ ಕಾಗದಕ್ಕಿಂತ ರೋಗಿಯನ್ನೇ ಹೆಚ್ಚು ನೋಡುತ್ತಾರೆ. ಯಂತ್ರದ ಎಣಿಕೆ ಕೆಲವೊಮ್ಮೆ ತಪ್ಪುವುದೂ ಉಂಟು. ಕೊಳವೆಯಲ್ಲಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡರೆ ಸಂಖ್ಯೆ ಸುಳ್ಳೇ ಕಡಿಮೆ ಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು.

ಇಲ್ಲಿ ಮಲೆನಾಡಿನವರಿಗೆ ಮಾತ್ರ ಅರ್ಥವಾಗುವ ಕಷ್ಟವೊಂದಿದೆ. ಪ್ಲೇಟ್‌ಲೆಟ್ ಅನ್ನು ಕೆಂಪುರಕ್ತದಂತೆ ಫ್ರಿಜ್‌ನಲ್ಲಿಟ್ಟು ವಾರಗಟ್ಟಲೆ ಕಾಯ್ದಿಡಲಾಗದು. ಅದನ್ನು 20ರಿಂದ 24 ಡಿಗ್ರಿ ಉಷ್ಣತೆಯಲ್ಲಿ, ಸದಾ ಮೆಲ್ಲಗೆ ಅಲುಗಾಡಿಸುತ್ತ ಇಡಬೇಕು, ಆಗಲೂ ಬಾಳಿಕೆ 5 ದಿನ. ಕಾಡಂಚಿನ ಸಣ್ಣ ಆಸ್ಪತ್ರೆಗಳಲ್ಲಿ ಈ ವ್ಯವಸ್ಥೆ ಇರುವುದಿಲ್ಲ. ಶರಾವತಿ ಹಿನ್ನೀರಿನ ಆಚೆಯ ಹಳ್ಳಿಯ ರೋಗಿಗೆ ರಕ್ತ ಹೋಗತೊಡಗಿದ ಮೇಲೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೊರಟರೆ ದಾರಿಯಲ್ಲೇ ಅಮೂಲ್ಯ ಗಂಟೆಗಳು ಕಳೆಯುತ್ತವೆ. ಸಂಖ್ಯೆ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ, ರೋಗಿ ಇನ್ನೂ ಮಾತಾಡುತ್ತ ಕೂತಿರುವಾಗಲೇ ದೊಡ್ಡ ಆಸ್ಪತ್ರೆಗೆ ಸಾಗಿಸಲು ಒಪ್ಪಿಕೊಳ್ಳಿ. ವೈದ್ಯರು ಹಾಗೆ ಹೇಳಿದಾಗ ‘ನಾಳೆ ನೋಡೋಣ’ ಎನ್ನಬೇಡಿ.

ಪಪ್ಪಾಯಿ ಎಲೆಯ ರಸ ಕುಡಿಸಬಹುದೇ?

ಮಂಗನ ಕಾಯಿಲೆಯ ರಕ್ತಸ್ರಾವವನ್ನು ಅದು ತಡೆಯುತ್ತದೆ ಎನ್ನಲು ಆಧಾರವಿಲ್ಲ. ಕಾಯಿಲೆ ಇಳಿಮುಖವಾದಾಗ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ, ಆ ಹೊತ್ತಿಗೆ ಕುಡಿದ ರಸಕ್ಕೆ ಶ್ರೇಯಸ್ಸು ಸಿಗುತ್ತದೆ. ಮೊದಲೇ ವಾಂತಿ ಆಗುತ್ತಿರುವವರಿಗೆ ಕಹಿರಸ ಕುಡಿಸಿದರೆ ವಾಂತಿ ಹೆಚ್ಚುತ್ತದೆ. ಗಂಜಿ, ಎಳನೀರು, ಓಆರ್‌ಎಸ್ ಕೊಡಿ.

ಮೊದಲು ಡೆಂಗಿ ಎಂದರು, ಆಮೇಲೆ ಮಂಗನ ಕಾಯಿಲೆ ಎಂದರು. ಯಾವುದು ನಿಜ?

ಎರಡರಲ್ಲೂ ಜ್ವರ, ಮೈನೋವು, ಪ್ಲೇಟ್‌ಲೆಟ್ ಇಳಿಕೆ ಇರುತ್ತದೆ. ಎರಡರ ವೈರಸ್‌ಗಳೂ ಒಂದೇ ಕುಟುಂಬಕ್ಕೆ ಸೇರಿದವು, ಆದ್ದರಿಂದ ರಕ್ತದಲ್ಲಿನ ಪ್ರತಿಕಾಯ ನೋಡುವ ಪರೀಕ್ಷೆಗಳು ಒಮ್ಮೊಮ್ಮೆ ಒಂದನ್ನು ಇನ್ನೊಂದೆಂದು ತೋರಿಸಬಹುದು. ಕಾಲ ಮತ್ತು ಜಾಗ ಇಲ್ಲಿ ದೊಡ್ಡ ಸುಳಿವು. ಡೆಂಗಿ ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಹೆಚ್ಚು, ಪಟ್ಟಣದಲ್ಲೂ ಬರುತ್ತದೆ. ಮಂಗನ ಕಾಯಿಲೆ ಒಣ ಹವೆಯ ತಿಂಗಳುಗಳಲ್ಲಿ, ಕಾಡಿಗೆ ಹೋಗುವವರಲ್ಲಿ ಹೆಚ್ಚು. ಜ್ವರದ ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆ ವೈರಸ್ಸನ್ನೇ ಹುಡುಕುತ್ತದೆ. ದಿನ ಕಳೆದ ಮೇಲೆ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಮೊದಲ ವರದಿ ನೆಗೆಟಿವ್ ಬಂದು ಲಕ್ಷಣಗಳು ಮುಂದುವರಿದರೆ ಮತ್ತೊಮ್ಮೆ ಮಾದರಿ ಕೊಡಲು ಬೇಸರಿಸಬೇಡಿ. ವರದಿ ಬರುವವರೆಗೂ ನೋವಿನ ಸೂಜಿ ದೂರವಿಡಬೇಕೆಂಬ ನಿಯಮ ಎರಡು ಕಾಯಿಲೆಗೂ ಅನ್ವಯಿಸುತ್ತದೆ.

## ಇನ್ನಷ್ಟು ಆಳಕ್ಕೆ ಹೋಗುವವರಿಗೆ

ಒಂದು ಉಣುಗಿನ ವೈರಸ್ ರಕ್ತವನ್ನು ಹೊರಗೆ ಹರಿಸುವುದಾದರೂ ಹೇಗೆ?

ರಕ್ತ ತನ್ನ ನಾಳದೊಳಗೇ ಉಳಿಯಲು ಗಟ್ಟಿಯಾದ ನಾಳದ ಗೋಡೆ, ಸಾಕಷ್ಟು ಪ್ಲೇಟ್‌ಲೆಟ್, ಹೆಪ್ಪುಗಟ್ಟಿಸುವ ಪ್ರೋಟೀನುಗಳು ಎಲ್ಲವೂ ಬೇಕು. ತೀವ್ರ ಸೋಂಕಿನಲ್ಲಿ ಇವೆಲ್ಲಕ್ಕೂ ಒಟ್ಟಿಗೇ ಪೆಟ್ಟು ಬೀಳುತ್ತದೆ. ಪ್ಲೇಟ್‌ಲೆಟ್ ಜೊತೆಗೆ ಬಿಳಿರಕ್ತಕಣಗಳೂ ಇಳಿಯುತ್ತವೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಹೆಚ್ಚಿನವು ತಯಾರಾಗುವುದು ಯಕೃತ್ತಿನಲ್ಲಿ, ಆ ಯಕೃತ್ತೇ ಸೋಂಕಿಗೆ ಸಿಕ್ಕಿರುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ವೈರಸ್ ವಿರುದ್ಧ ಸುರಿಸುವ ರಾಸಾಯನಿಕಗಳಿಂದ ಸಣ್ಣ ರಕ್ತನಾಳಗಳ ಒಳಪದರ ಸಡಿಲವಾಗುತ್ತದೆ. ತೀರಿಕೊಂಡ ರೋಗಿಗಳ ಗುಲ್ಮದಲ್ಲಿ (ಸ್ಪ್ಲೀನ್) ರಕ್ಷಣಾ ಕೋಶಗಳು ಕೆಂಪುರಕ್ತಕಣಗಳನ್ನೇ ನುಂಗಿರುವುದನ್ನು ರೋಗಶಾಸ್ತ್ರಜ್ಞರು ಕಂಡಿದ್ದಾರೆ.

ಒಬ್ಬರ ಪ್ಲೇಟ್‌ಲೆಟ್ 20 ಸಾವಿರಕ್ಕಿಳಿದರೂ ಒಂದು ಹನಿ ರಕ್ತ ಹೋಗದಿರಬಹುದು, ಇನ್ನೊಬ್ಬರಿಗೆ 60 ಸಾವಿರದಲ್ಲೇ ಕರುಳಿನಿಂದ ರಕ್ತ ಹೋಗಬಹುದು. ನಾಳ ಮತ್ತು ಯಕೃತ್ತು ಎಷ್ಟು ಕೆಟ್ಟಿವೆ ಎಂಬುದು ಪ್ಲೇಟ್‌ಲೆಟ್ ಸಂಖ್ಯೆಯಲ್ಲಿ ಕಾಣದಿರುವುದೇ ಇದಕ್ಕೆ ಕಾರಣ. ಆದ್ದರಿಂದ ತೀವ್ರ ರೋಗಿಗೆ ಹೆಪ್ಪುಗಟ್ಟುವ ಸಮಯದ ಪರೀಕ್ಷೆಗಳು, ಯಕೃತ್ತಿನ ಪರೀಕ್ಷೆಗಳು, ಹಿಮೋಗ್ಲೋಬಿನ್‌ನ ಏರಿಳಿತ ಇವೆಲ್ಲವನ್ನೂ ಒಟ್ಟಿಗೆ ನೋಡಬೇಕು. ಪ್ರೋಟೀನುಗಳು ಕಡಿಮೆಯಾಗಿ ರಕ್ತ ಸೋರುತ್ತಿದ್ದರೆ ಪ್ಲೇಟ್‌ಲೆಟ್ ಒಂದೇ ಸಾಲದು, ಪ್ಲಾಸ್ಮಾ ಕೂಡ ಬೇಕಾಗುತ್ತದೆ.

ಶ್ವಾಸಕೋಶ, ಕಣ್ಣು, ಮಿದುಳಿನೊಳಗೂ ರಕ್ತ ಸೋರಬಹುದೇ?

ಬಹಳ ಅಪರೂಪ, ಆದರೆ ಸಾಧ್ಯ. ಕಫದಲ್ಲಿ ರಕ್ತ, ಜೊತೆಗೆ ಉಸಿರಾಟದ ಕಷ್ಟ ಕಂಡರೆ ಶ್ವಾಸಕೋಶದೊಳಗಿನ ರಕ್ತಸ್ರಾವದ ಶಂಕೆ ಬರಬೇಕು. ಅಂಥ ರೋಗಿಗೆ ತೀವ್ರ ನಿಗಾ ಘಟಕ ಬೇಕು. ಡ್ರಿಪ್ ಏರಿಸುವಾಗಲೂ ಎಚ್ಚರ ಬೇಕು. ರಕ್ತದೊತ್ತಡ ಇಳಿಯಿತೆಂದು ಅಳತೆ ಮೀರಿ ದ್ರವ ಕೊಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವಿದೆ.

ಕಣ್ಣಿನ ಬಿಳಿಭಾಗ ಕೆಂಪಾಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ, ಅದು ಹೆಚ್ಚಾಗಿ ರಕ್ತನಾಳಗಳು ಹಿಗ್ಗಿದ್ದರಿಂದ. ಆದರೆ ಅಕ್ಷಿಪಟಲದಲ್ಲಿ, ಕಣ್ಣಿನೊಳಗಿನ ಲೋಳೆಯಂಥ ದ್ರವದಲ್ಲಿ ರಕ್ತ ಸೋರಿದ ರೋಗಿಗಳ ವಿವರ ವೈದ್ಯಕೀಯ ದಾಖಲೆಗಳಲ್ಲಿದೆ. ಜ್ವರದ ದಿನಗಳಲ್ಲಿ ದೃಷ್ಟಿ ಮಸುಕಾದರೆ, ಕಣ್ಣೆದುರು ಕಪ್ಪು ಚುಕ್ಕೆ ತೇಲಿದರೆ ನಿಶ್ಶಕ್ತಿ ಎಂದು ಸುಮ್ಮನಿರಬೇಡಿ. ಕಣ್ಣಿನ ವೈದ್ಯರು ಒಳಗೆ ಬೆಳಕು ಬಿಟ್ಟು ನೋಡಬೇಕು.

ಮಿದುಳಿನ ವಿಷಯದಲ್ಲಿ ಒಂದು ಬದಿಯ ಕೈಕಾಲು ಬಲ ಕಳೆದುಕೊಳ್ಳುವುದು, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ಫಿಟ್ಸ್ ಬರುವುದು ತುರ್ತು ಲಕ್ಷಣಗಳು. ಕೂಡಲೇ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಬೇಕು.

ಜ್ವರ ಬಿಟ್ಟು ಎರಡು ವಾರವಾಗಿತ್ತು, ಈಗ ಮತ್ತೆ ಜ್ವರ, ತಲೆನೋವು. ಮಿದುಳಿಗೆ ರಕ್ತ ಇಳಿಯಿತೇ?

ಹೆಚ್ಚಿನ ಸಂದರ್ಭಗಳಲ್ಲಿ ಹಾಗಿರುವುದಿಲ್ಲ. ನೂರಕ್ಕೆ 10ರಿಂದ 20 ರೋಗಿಗಳಲ್ಲಿ ಕಾಯಿಲೆ ಎರಡು ಹಂತದಲ್ಲಿ ಬರುತ್ತದೆ. ಒಂದೆರಡು ವಾರ ಆರಾಮವಾಗಿದ್ದು ಮತ್ತೆ ಜ್ವರ, ತೀವ್ರ ತಲೆನೋವು, ಕತ್ತು ಬಿಗಿತ, ಕೈನಡುಕ, ಮಂಕು ಕಾಣಿಸಿಕೊಳ್ಳುತ್ತವೆ. ಇದು ಮಿದುಳು ಮತ್ತು ಅದರ ಹೊದಿಕೆಯ ಉರಿಯೂತದ ಹಂತ. ರಕ್ತಸ್ರಾವ ಮುಖ್ಯವಾಗಿ ಮೊದಲ ಹಂತದ ತೊಂದರೆ. ಆದರೂ ಮನೆಯಲ್ಲಿ ಕೂತು ಎರಡನ್ನೂ ಬೇರೆ ಮಾಡಲಾಗದು, ಮತ್ತೆ ಆಸ್ಪತ್ರೆಗೆ ದಾಖಲಾಗಬೇಕು. ಮೊದಲ ಜ್ವರ ಬಿಟ್ಟ ಕೂಡಲೇ ಮರ ಹತ್ತುವುದು, ಭಾರ ಹೊರುವುದು ಬೇಡ ಎನ್ನುವುದಕ್ಕೂ ಇದೇ ಕಾರಣ.

ಕಾಂಗೋ ಜ್ವರವೂ ಉಣುಗಿನಿಂದಲೇ ಬರುತ್ತದಂತೆ. ಎರಡೂ ಒಂದೇ ಅಲ್ಲವೇ?

ಬೇರೆ ಬೇರೆ. ಕ್ರಿಮಿಯನ್-ಕಾಂಗೋ ಜ್ವರದ ವೈರಸ್ ಇನ್ನೊಂದು ಕುಟುಂಬದ್ದು, ದನಕರುಗಳ ಮೈಮೇಲಿನ ಹಯಲೊಮ್ಮ ಜಾತಿಯ ಉಣುಗುಗಳಿಂದ ಬರುತ್ತದೆ. ಭಾರತದಲ್ಲಿ ಅದು ಮೊದಲು ಖಚಿತವಾದದ್ದು 2011ರ ಜನವರಿಯಲ್ಲಿ, ಗುಜರಾತಿನ ಅಹಮದಾಬಾದ್ ಜಿಲ್ಲೆಯಲ್ಲಿ. ಆಗ ಚಿಕಿತ್ಸೆ ಕೊಟ್ಟ ವೈದ್ಯರು ಮತ್ತು ದಾದಿಯೂ ತೀರಿಕೊಂಡರು. ರಕ್ತಸ್ರಾವ ಅದರಲ್ಲಿ ಬಹಳ ಹೆಚ್ಚು, ರೋಗಿಯ ರಕ್ತದಿಂದ ಇನ್ನೊಬ್ಬರಿಗೆ ಹರಡುತ್ತದೆ, ಸಾವಿನ ಪ್ರಮಾಣ ನೂರಕ್ಕೆ 10ರಿಂದ 40. ಮಂಗನ ಕಾಯಿಲೆಯ ಹತ್ತಿರದ ಸಂಬಂಧಿ ಎಂದರೆ ಸೌದಿ ಅರೇಬಿಯಾದ ಅಲ್‌ಖುರ್ಮಾ ವೈರಸ್. ಇಂಟರ್ನೆಟ್‌ನಲ್ಲಿ ಕಾಂಗೋ ಜ್ವರದ ಚಿತ್ರಗಳನ್ನು ನೋಡಿ ನಮ್ಮ ರೋಗಿಯ ಭವಿಷ್ಯ ಊಹಿಸಬೇಡಿ.

ವೈರಸ್ ಕೊಲ್ಲುವ ಔಷಧವೇ ಇಲ್ಲವೇ? ಲಸಿಕೆ ಹಾಕಿಸಿಕೊಂಡರೆ ರಕ್ತಸ್ರಾವ ತಪ್ಪುತ್ತದೆಯೇ?

ಈ ವೈರಸ್ ಮೇಲೆ ಕೆಲಸ ಮಾಡುವುದೆಂದು ಸಾಬೀತಾದ ಔಷಧ ಇಂದಿಗೂ ಇಲ್ಲ. ದ್ರವ, ರಕ್ತ, ಆಮ್ಲಜನಕ, ನಿಗಾ ಇವುಗಳಿಂದ ರೋಗಿಯನ್ನು ಕಷ್ಟದ ದಿನಗಳು ದಾಟಿಸುವುದೇ ಚಿಕಿತ್ಸೆ. ಸಮಯಕ್ಕೆ ಸಿಕ್ಕರೆ ಇದು ಬಹುತೇಕರನ್ನು ಉಳಿಸುತ್ತದೆ.

ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ನಿಷ್ಕ್ರಿಯಗೊಳಿಸಿದ ಹಳೆಯ ಲಸಿಕೆಯೊಂದಿತ್ತು. ಎರಡು ಡೋಸ್ ಪಡೆದವರಿಗೆ ಅದು ನೂರಕ್ಕೆ ಸುಮಾರು 62ರಷ್ಟು, ಬೂಸ್ಟರ್ ಸೇರಿದರೆ ಸುಮಾರು 83ರಷ್ಟು ರಕ್ಷಣೆ ಕೊಡುತ್ತಿತ್ತು ಎಂದು ಶಿವಮೊಗ್ಗ ಭಾಗದ ಅಂಕಿಅಂಶಗಳ ಅಧ್ಯಯನ ತೋರಿಸಿತು. ನೋವು ತರುವ ಸೂಜಿ, ಮತ್ತೆ ಮತ್ತೆ ಬೂಸ್ಟರ್ ಎಂದು ಜನ ಹಿಂಜರಿದರು. ಗುಣಮಟ್ಟದ ಪ್ರಶ್ನೆಯೆದ್ದ ಬಳಿಕ 2022ರಲ್ಲಿ ಅದರ ಬಳಕೆಯೂ ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಹೊಸ ಲಸಿಕೆ ಸಿದ್ಧಪಡಿಸುವ ಕೆಲಸದಲ್ಲಿವೆ. ಆರೂವರೆ ದಶಕ ದಾಟಿದ ಕಾಯಿಲೆಗೆ ಇದು ಬಹಳ ತಡವಾಗಿ ಬಂದ ಕಾಳಜಿ. ಕಾಡಂಚಿನ ಕೂಲಿಕಾರರ ಬದಲು ದೊಡ್ಡ ನಗರಗಳವರು ಇದರಿಂದ ಸಾಯುತ್ತಿದ್ದರೆ ಇಷ್ಟು ಕಾಯಬೇಕಾಗುತ್ತಿರಲಿಲ್ಲ ಎಂದೇ ನಂಬಿದ್ದೇನೆ.

ಅಲ್ಲಿಯವರೆಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣುಗನ್ನು ದೂರವಿಡುವ ಡೆಪಾ ಎಣ್ಣೆಯನ್ನು ಕಾಡಿಗೆ ಹೋಗುವ ಮುನ್ನ ಕೈಕಾಲು, ಕತ್ತಿಗೆ ಹಚ್ಚಿಕೊಳ್ಳಿ. ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮಂಡಿಯ ಹಿಂಬದಿ, ಕಂಕುಳು, ಸೊಂಟದ ಪಟ್ಟಿಯ ಜಾಗ ನೋಡಿಕೊಳ್ಳಿ. ಕೋತಿಯಾಗಲಿ ಮುಸಿಯವಾಗಲಿ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ಆ ಕಳೇಬರದಿಂದ ಇಳಿದ ಉಣುಗುಗಳು ಅಲ್ಲೇ ಸುತ್ತಲಿನ ತರಗೆಲೆಯಲ್ಲಿರುತ್ತವೆ. ಆ ಬದಿಯ ದರಗನ್ನು ಈ ಬೇಸಿಗೆಯಲ್ಲಿ ಕೊಟ್ಟಿಗೆಗೆ ತರಬೇಡಿ.